ಐವತ್ತನಾಲ್ಕು ಸಲ ಮದುವೆ

ಮುಂಬಯಿ ಪಕ್ಕದ ಐರೋಲಿಯ ರೋ ಹೌಸುಗಳಲ್ಲಿ ಎರಡು ಮನೆಗಳ ನಡುವೆ ಇರುವುದು ಎದೆಮಟ್ಟದ ಒಂದು ಗೋಡೆ. ಅದರ ಮೇಲೆ ನಮ್ಮ ಕಡೆಯಿಂದ ತುಳಸಿಯ ಕುಂಡ, ಆ ಕಡೆಯಿಂದ ಶೆಟ್ರ ಮೊಣಕೈ. ಮೂವತ್ತು ವರ್ಷ ಹೋಟೆಲಿನ ಗಲ್ಲಾದ ಮೇಲೆ ಮೊಣಕೈ ಊರಿದವರಿಗೆ ನಿವೃತ್ತಿಯ ನಂತರವೂ ಊರಲು ಏನಾದರೂ ಬೇಕಲ್ಲ. ಈ ಗೋಡೆಯ ಮೇಲಿಂದ ನಮ್ಮ ಮನೆಗೆ ನೀರುದೋಸೆ ಬರುತ್ತದೆ, ಅವರ ಮನೆಗೆ ಶೇಂಗಾ ಚಟ್ನಿ ಹೋಗುತ್ತದೆ. ಸ್ಕ್ರೂಡ್ರೈವರ್ ಮಾತ್ರ ಯಾರದ್ದೆಂದು ಈಗ ಇಬ್ಬರಿಗೂ ಮರೆತುಹೋಗಿದೆ.

ಮೊನ್ನೆ ಬೆಳಿಗ್ಗೆ ಶೆಟ್ರು ಕೇಳಿದ್ದು ಹೊಸದು.

“ಮಾಷ್ಟ್ರೇ, ನಿಮ್ಮ ಹತ್ರ ಬಿಳಿ ಪಂಚೆ ಉಂಟಾ? ಇಸ್ತ್ರಿ ಹಾಕಿದ್ದು.”

“ಧಾರವಾಡದವನ ಮನ್ಯಾಗ ಧೋತರ ಇರದ ಇರ್ತದೇನ್ರೀ? ಯಾಕ?”

“ಅದರ ಮೇಲೆ ನನ್ನ ಮದುವೆ ಆಗ್ಬೇಕಂತೆ.”

ಸಂಗತಿ ಇಷ್ಟು. ಶೆಟ್ರ ಮದುವೆಗೆ ನಲವತ್ತು ತುಂಬಿತು. ಇಲ್ಲೇ ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ಮಗ ಗಚ್ಚಿಯ ಮೇಲೆ ಪಾರ್ಟಿ ಇಟ್ಟಿದ್ದಾನೆ. ಎಲ್‌ಇಡಿ ವಾಲ್ ತರಿಸೋಣ ಎಂದರೆ ಬೇಡವಂತೆ. ಅಟ್ಟದ ಮೇಲಿದ್ದ ದೊಡ್ಡಪ್ಪನ ಪ್ರೊಜೆಕ್ಟರ್ ಇಳಿಸಿದ್ದಾನೆ. ಶೆಟ್ರ ಅಣ್ಣ ಶಿಪ್ಪಿನಲ್ಲಿ ಕೆಲಸದಲ್ಲಿದ್ದವರು. ಒಮ್ಮೆ ರಜೆಗೆ ಬರುವಾಗ ಸೂಪರ್ 8 ಕ್ಯಾಮೆರಾ, ಪ್ರೊಜೆಕ್ಟರ್ ಎರಡನ್ನೂ ಹೊತ್ತು ತಂದು ತಮ್ಮನ ಮದುವೆಯನ್ನು ಒಂದು ರೀಲಿನಲ್ಲಿ ತೆಗೆದಿದ್ದರು. ಆ ರೀಲನ್ನು ಸಂಜೆಯಿಡೀ ಓಡಿಸುವುದಂತೆ. ಯಾರೂ ಕೂತು ನೋಡಬೇಕಾಗಿಲ್ಲ. ಜನ ತಿನ್ನುತ್ತಾ ಕುಣಿಯುತ್ತಾ ಇರುವಾಗ ಹಿಂದೆ ಸುಮ್ಮನೆ ಓಡುತ್ತಿರಬೇಕು. ಅದಕ್ಕೆ ‘ವಿಶುವಲ್ಸ್’ ಎನ್ನುತ್ತಾರಂತೆ.

“ರೀಲು ಎಷ್ಟು ಹೊತ್ತು ಓಡ್ತದ?”

“ಮೂರು ನಿಮಿಷ, ಮೇಲೆ ಸ್ವಲ್ಪ.”

ಅದು ಸರಿಯಾದ ಲೆಕ್ಕ. 1965ರಲ್ಲಿ ಕೊಡಾಕ್ ಕಂಪನಿ ಮನೆಮಂದಿಗೆಂದು ತಂದ ಸೂಪರ್ 8 ಕಾರ್ಟ್ರಿಜ್ಜಿನಲ್ಲಿ ಇರುತ್ತಿದ್ದುದೇ 50 ಅಡಿ ಫಿಲ್ಮು. ಅಡಿಗೆ 72 ಚಿತ್ರ, ಸೆಕೆಂಡಿಗೆ 18 ಚಿತ್ರ ಓಡಿದರೆ 200 ಸೆಕೆಂಡಿಗೆ ಕಥೆ ಮುಗಿಯಿತು. ಮಾಸ್ತರಿಕೆ ಬಿಟ್ಟರೂ ಬಾಯಿಲೆಕ್ಕ ಬಿಡದ ನಾನು ಗೋಡೆಯ ಮೇಲೆ ಬೆರಳಲ್ಲೇ ಗೀಚಿದೆ.

“ಏಳರಿಂದ ಹತ್ತರ ತನಕಾ ಪಾರ್ಟಿ ಅಂದ್ರ 54 ಸಲ ರೀ.”

“ಎಂತದು 54 ಸಲ?”

“ನಿಮ್ಮ ಮದುವಿ.”

ಶೆಟ್ರು ಮೊಣಕೈ ತೆಗೆದರು. “ಒಂದೇ ಸಾಕಾಗಿ ಹೋಗಿದೆ ಮಾರಾಯ್ರೆ!” ಎಂದು ತಗ್ಗಿದ ದನಿಯಲ್ಲಿ ಹೇಳಿ ಅಡುಗೆಮನೆಯ ಕಿಟಕಿಯ ಕಡೆ ನೋಡಿದರು. ಕಿಟಕಿಯಲ್ಲಿ ಅವರ ಹೆಂಡತಿ, ನಾವು ಕರೆಯುವ ಅಕ್ಕ, ಇರಲಿಲ್ಲ. ಆದರೆ ಒಗ್ಗರಣೆಯ ಸದ್ದು ಇದ್ದಕ್ಕಿದ್ದಂತೆ ನಿಂತಿತ್ತು.

ಮಧ್ಯಾಹ್ನ ಯಂತ್ರವೇ ಗೋಡೆಯ ಮೇಲೆ ಬಂದು ಕೂತಿತು. ಹೊಲಿಗೆ ಯಂತ್ರದಷ್ಟು ಭಾರ. ಒಳಗಿನ ರಬ್ಬರ್ ಬೆಲ್ಟು ಕರಗಿ ಕಾಕಂಬಿಯಾಗಿತ್ತು. ಲೆನ್ಸಿನ ಮೇಲೆ ಬೂಷ್ಟು ಜೇಡರ ಬಲೆಯ ಹಾಗೆ ಹರಡಿತ್ತು. ಖಾಡಿಯ ಪಕ್ಕದ ಊರಿನಲ್ಲಿ ನಾಲ್ಕು ತಿಂಗಳ ಮಳೆಗೆ ಪಾದರಕ್ಷೆಯೇ ಹಸಿರಾಗುತ್ತದೆ, ಗಾಜು ಯಾವ ಲೆಕ್ಕ? ಜೊತೆಗಿದ್ದ ತಗಡಿನ ಡಬ್ಬಿಗಳಲ್ಲಿ ಒಂದನ್ನು ತೆಗೆದು ಮೂಸಿದ ಶೆಟ್ರು, “ಹೋಟೆಲಿನ ಸಿರ್ಕಾ ಈರುಳ್ಳಿಯ ವಾಸನೆ” ಎಂದರು. ಅವರ ಮೂಗು ಸುಳ್ಳು ಹೇಳುವುದಿಲ್ಲ. ಅಸಿಟೇಟ್ ಫಿಲ್ಮು ಸೆಖೆ ಮತ್ತು ತೇವಕ್ಕೆ ಕೆಡತೊಡಗಿದಾಗ ಹೊರಬರುವುದು ಸಿರ್ಕಾದೊಳಗಿನ ಆ್ಯಸಿಡ್ಡೇ. ವಾಸನೆ ಬಂದ ರೀಲನ್ನು ಉಳಿದವುಗಳ ಜೊತೆ ಇಡಬಾರದು. ಒಂದು ಕೊಳೆತ ಟೊಮೆಟೊ ಬುಟ್ಟಿಯನ್ನೇ ಕೆಡಿಸಿದ ಹಾಗೆ ಅದು ಪಕ್ಕದವನ್ನೂ ಕೆಡಿಸುತ್ತದೆ. ಪುಣ್ಯಕ್ಕೆ ಮದುವೆಯ ರೀಲು ಬೇರೆ ಡಬ್ಬಿಯಲ್ಲಿತ್ತು. ವಾಸನೆ ಇರಲಿಲ್ಲ.

ಅಷ್ಟರಲ್ಲಿ ಮಗ ಬಂದ. ಫೋನು ತೆಗೆದು ಇದೆಲ್ಲ ಎಲ್ಲಿ ಶುರುವಾಯಿತು ಎಂದು ನಮಗೆ ಪಾಠ ಮಾಡಿದ. 1966ರಲ್ಲಿ ನ್ಯೂಯಾರ್ಕಿನಲ್ಲಿ ಆ್ಯಂಡಿ ವಾರ್ಹೋಲ್ ಎಂಬ ಚಿತ್ರಕಾರ ಹಾಡುತ್ತಿರುವ ಬ್ಯಾಂಡಿನವರ ಮೈಮೇಲೇ ಸಿನಿಮಾ ಬಿಟ್ಟನಂತೆ. ಎರಡು ವರ್ಷಗಳ ನಂತರ ಅದೇ ಊರಿನ ಫಿಲ್ಮೋರ್ ಈಸ್ಟ್ ಎಂಬ ಸಭಾಂಗಣದಲ್ಲಿ ಜೋಶುವಾ ವೈಟ್ ಎಂಬಾತನ ತಂಡ ಸಂಗೀತಗಾರರ ಬೆನ್ನಿಗೆ ದೊಡ್ಡ ಪರದೆ ಕಟ್ಟಿ, ಗಾಜಿನ ತಟ್ಟೆಯಲ್ಲಿ ಬಣ್ಣದ ಎಣ್ಣೆ ನೀರು ಕಲಕಿ, ಮೇಲೆ ಫಿಲ್ಮಿನ ತುಂಡುಗಳನ್ನು ಓಡಿಸಿ, ಹಾಡಿಗೆ ತಕ್ಕಂತೆ ಬೆಳಕು ಕುಣಿಸುತ್ತಿತ್ತಂತೆ.

“ಎಣ್ಣೆ ನೀರು ಕಲಕಿದ್ರೆ ಇಲ್ಲಿ ಸಾಂಬಾರು ಅಂತಾರೆ” ಎಂದರು ಶೆಟ್ರು.

ನಾನೂ ಸುಮ್ಮನಿರಲಿಲ್ಲ. “ನ್ಯೂಯಾರ್ಕ್ ಇರ್ಲಿ ತಮ್ಮಾ. ನಮ್ಮ ದೇಶದಾಗ ಸಿನಿಮಾ ಮೊದಲು ತೋರಿಸಿದ್ದು ಎಲ್ಲಿ? ಇದೇ ಮುಂಬಯಿಯ ಕಾಲಾಘೋಡಾದಾಗ, ವಾಟ್ಸನ್ ಹೋಟೆಲಿನಾಗ. 1896ರ ಜುಲೈ 7. ಲೂಮಿಯೇರ್ ಅಣ್ಣತಮ್ಮರ ಚಿತ್ರ, ಟಿಕೀಟು ಒಂದು ರೂಪಾಯಿ.”

ಶೆಟ್ರ ಮುಖ ಅರಳಿತು. “ಕೇಳಿದೆಯಾ ಮಗಾ? ಹೋಟೆಲಿನಲ್ಲಿ! ಸಿನಿಮಾಕ್ಕೂ ಮೊದಲು ಜಾಗ ಕೊಟ್ಟದ್ದು ಹೋಟೆಲಿನವರೇ.” ಆ ಹೋಟೆಲಿನೊಳಗೆ ಬಿಳಿಯರನ್ನು ಬಿಟ್ಟು ಬೇರೆಯವರಿಗೆ ಇಡ್ಲಿ ಸಿಗುತ್ತಿರಲಿಲ್ಲ ಎಂಬುದನ್ನು ನಾನು ಎತ್ತಲಿಲ್ಲ.

ನಿಜ ಹೇಳಬೇಕೆಂದರೆ ಮನೆಯಲ್ಲಿ ಸಿನಿಮಾ ತೋರಿಸುವ ಚಟ ನನಗೆ ಹುಡುಗನಿದ್ದಾಗಲೇ ಹತ್ತಿತ್ತು. ಟೆಂಟಿನ ಹಿಂದೆ ಎಸೆದ ಫಿಲ್ಮಿನ ತುಂಡುಗಳನ್ನು ಆರಿಸಿಕೊಂಡು ಬರುತ್ತಿದ್ದೆವು. ಸುಟ್ಟುಹೋದ ಬಲ್ಬಿನ ತಳ ಒಡೆದು ತಂತಿ ತೆಗೆದು ನೀರು ತುಂಬಿದರೆ ಅದೇ ಲೆನ್ಸು. ಅಂಗಳದಲ್ಲಿ ಒಬ್ಬ ಕನ್ನಡಿ ಹಿಡಿದು ಬಿಸಿಲನ್ನು ಕತ್ತಲೆ ಕೋಣೆಯೊಳಗೆ ತಿರುಗಿಸಬೇಕು. ಇನ್ನೊಬ್ಬ ಬಲ್ಬಿನ ಮುಂದೆ ಫಿಲ್ಮನ್ನು ತಲೆಕೆಳಗು ಮಾಡಿ ಹಿಡಿಯಬೇಕು. ಗೋಡೆಯ ಮೇಲೆ ಅಪ್ಪನ ಧೋತರ, ಧೋತರದ ಮೇಲೆ ನೆಟ್ಟಗೆ ನಿಂತ ರಾಜಕುಮಾರ್. ಸೂರ್ಯ ಸರಿದ ಹಾಗೆ ಕನ್ನಡಿಯವನೂ ಸರಿಯಬೇಕು. ಅವನಿಗೆ ಸಿನಿಮಾ ಕಾಣುತ್ತಿರಲಿಲ್ಲ ಎಂಬ ಜಗಳ ಕಡೆಯವರೆಗೂ ಮುಗಿಯಲಿಲ್ಲ.

ಮುಂದೆ ಮುಂಬಯಿಗೆ ಬಂದ ಮೇಲೆ ನನಗೊಂದು ಸಂಗತಿ ತಿಳಿಯಿತು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಸ್ಟುಡಿಯೋದ ಕತ್ತಲೆಯನ್ನು ಸೀಳಿ ಇಳಿಯುವ ಬೆಳಕಿನ ಕೋಲು ಇದೆಯಲ್ಲ, ಅದನ್ನು ಮೈಸೂರಿನ ವಿ.ಕೆ. ಮೂರ್ತಿ ತೆಗೆದದ್ದೂ ಕನ್ನಡಿಯಿಂದ ಬಿಸಿಲನ್ನು ಒಳಗೆ ತಿರುಗಿಸಿಯೇ. ಕೇಳಿದ ದಿನ ನನಗೆ ನಮ್ಮ ಕನ್ನಡಿಯ ಹುಡುಗನೇ ಕಣ್ಣ ಮುಂದೆ ಬಂದ. ಅವನು ಮೈಸೂರು ಕಡೆ ಹುಟ್ಟಿದ್ದರೆ ಏನಾಗುತ್ತಿದ್ದನೋ.

ಆಗಿನ ಮುಂಬಯಿಯಲ್ಲಿ ಗಣೇಶೋತ್ಸವ ಬಂತೆಂದರೆ ಗಲ್ಲಿಗಲ್ಲಿಯಲ್ಲಿ ಅಡ್ಡ ಪರದೆ ಕಟ್ಟಿ 16 ಎಂಎಂ ಸಿನಿಮಾ ತೋರಿಸುತ್ತಿದ್ದರು. ಜನ ಎರಡೂ ಕಡೆ ಕೂರುತ್ತಿದ್ದರು. ಹಿಂದೆ ಕೂತವರಿಗೆ ನಾಯಕ ಎಡಗೈಯಲ್ಲಿ ಗುದ್ದುತ್ತಿದ್ದ, ಹೆಸರುಗಳು ಉರ್ದುವಿನ ಹಾಗೆ ಬಲದಿಂದ ಬರುತ್ತಿದ್ದವು. ಅಲ್ಲೂ ಚಹಾ, ಹರಟೆ, ಕೂಸಿನ ಅಳು ಎಲ್ಲ ನಡೆದೇ ಇತ್ತು. ಆದರೂ ಜನ ನೋಡುತ್ತಿದ್ದರು. ಏಕೆಂದರೆ ಇವತ್ತು ತಪ್ಪಿದರೆ ಮುಂದಿನ ಗಣಪತಿಗೇ.

ಅದನ್ನೇ ಶೆಟ್ರ ಮಗನಿಗೆ ಹೇಳಿದೆ. “54 ಸಲ ಓಡಿದ್ದನ್ನ ಒಬ್ಬರೂ ನೋಡೂದಿಲ್ಲಪ್ಪಾ. ಅದು ಗೋಡೆ ಸುಣ್ಣ ಆಗ್ತದ. ಅದೂ ಅಲ್ದ ಈ ರೀಲಿಗೆ ನೆಗೆಟಿವ್ ಇಲ್ಲ. ನಿಮ್ಮ ದೊಡ್ಡಪ್ಪನ ಕ್ಯಾಮೆರಾದಾಗ ಓಡಿದ್ದೂ ಇದ, ಇವತ್ತು ಪ್ರೊಜೆಕ್ಟರಿನಾಗ ಓಡೂದೂ ಇದ. ಸಲಕ್ಕೊಂದು ಗೆರಿ ಬಿದ್ರೂ 54 ಗೆರಿ. ನಿಮ್ಮಪ್ಪ ಮಳ್ಯಾಗ ನಿಂತು ಮದುವಿ ಆದಂಗ ಕಾಣ್ತಾನ.”

“ಲೂಪ್ ಮಾಡಿದರೆ ಮಾಷ್ಟ್ರೇ? ತುದಿಗೆ ತುದಿ ಅಂಟಿಸಿ?”

“50 ಅಡಿ ಲೂಪು ನಿಮ್ಮ ಗಚ್ಚಿಯಿಂದ ನನ್ನ ಪೇರಲ ಗಿಡಕ್ಕ ಬಂದು ವಾಪಸ್ ಹೋಗಬೇಕಾಗ್ತದ. ಮ್ಯಾಲೆ ಒಂದು ಮಾತು ನೆನಪಿಡು. ಯಂತ್ರ ನಡುವ ನಿಂತ್ರ ದೀಪದ ಬಿಸಿಗೆ ಆ ಚಿತ್ರ ಸುಟ್ಟು ತೂತು ಬೀಳ್ತದ. ಓಡಿದ್ರ ಬದುಕು, ನಿಂತ್ರ ಬೂದಿ.”

ಕಡೆಗೆ ಒಪ್ಪಂದವಾಯಿತು. ಹುಡುಗ ಠಾಣೆಗೆ ಹೋಗಿ ಲೋಕಲ್ ಬದಲಿಸಿ ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಇಳಿದು, ಚೋರ್ ಬಜಾರಿನ ಮಟನ್ ಸ್ಟ್ರೀಟಿನಿಂದ ಒಂದು ಕಾರ್ಟೂನಿನ ರೀಲು ತಂದ. ಹಿಂದೆ ಮನೆಯಲ್ಲಿ ತೋರಿಸಲೆಂದೇ ಇಂಥವನ್ನು ಡಬ್ಬಿಯಲ್ಲಿ ಮಾರುತ್ತಿದ್ದರು. ಅದರಿಂದ ಮೂರಡಿ ಕತ್ತರಿಸಿ ಅಂಟಿಸಿದರೆ 12 ಸೆಕೆಂಡಿನ ಲೂಪು. ಕೆಟ್ಟರೆ ಕೆಡಲಿ, ಯಾರ ಮದುವೆಯೂ ಅಲ್ಲ. ಬೆಲ್ಟನ್ನು ಟೇಪ್ ರೆಕಾರ್ಡರ್ ರಿಪೇರಿಯವನೊಬ್ಬ ಹೊಂದಿಸಿಕೊಟ್ಟ. ಧೋತರ ನಾನು ಕೊಟ್ಟೆ.

ಪಾರ್ಟಿಯ ಸಂಜೆ ದಿವಾ ಗಾವಿನ ಕಡೆ ಯಾರದೋ ಮನೆಯ ಹಳದಿ ಶಾಸ್ತ್ರ. ಅಲ್ಲಿಯ ಡಿಜೆಗೆ ನಮ್ಮ ತುಳಸಿಯ ಎಲೆಯೂ ನಡುಗುತ್ತಿತ್ತು, ಎಲ್‌ಇಡಿಯ ಬೆಳಕಿಗೆ ಆಕಾಶವೇ ನೇರಳೆ. ಇಲ್ಲಿ ಶೆಟ್ರ ಗಚ್ಚಿಯ ಮೇಲೆ ನೂರು ವ್ಯಾಟಿನ ಬಡ ದೀಪ. ನೀರಿನ ಟಾಕಿಗೂ ಡಿಶ್ಶಿನ ಕಂಬಕ್ಕೂ ಕಟ್ಟಿದ ಧೋತರ, ಮೇಲೆ ಕೆಂಪು ಅಂಚು. ಅದರ ಮೇಲೆ ಒಂದು ಬಾತುಕೋಳಿ ಏಣಿ ಹತ್ತಿತು, ಬಿತ್ತು, ಹತ್ತಿತು, ಬಿತ್ತು. ಹಳೆಯ ಪ್ರಿಂಟಾದ್ದರಿಂದ ನೀಲಿ ಹಸಿರು ಎಲ್ಲ ಹಾರಿ ಬಾತುಕೋಳಿ ನಮ್ಮ ಖಾಡಿಗೆ ಚಳಿಗಾಲದಲ್ಲಿ ಬರುವ ಫ್ಲೆಮಿಂಗೊ ಬಣ್ಣಕ್ಕೆ ತಿರುಗಿತ್ತು. ಮೊದಲ ಐದು ನಿಮಿಷ ಮಕ್ಕಳು ನಕ್ಕರು. ಆಮೇಲೆ ಯಾರೂ ಆ ಕಡೆ ತಿರುಗಲಿಲ್ಲ. ಕೋರಿರೊಟ್ಟಿಯ ಕಡೆ ತಿರುಗಿದರು.

ಒಂಬತ್ತಕ್ಕೆ ಹುಡುಗ ಹಾಡು ನಿಲ್ಲಿಸಿ, “ಈಗ ಅಮ್ಮ ಅಪ್ಪನ ಮದುವೆ. ಒಂದೇ ಸಲ” ಎಂದ.

ತಟ್ಟೆಗಳು ಕೆಳಗಿಳಿದವು. ನೆರೆಯ ಗಚ್ಚಿಗಳ ಅಂಚಿಗೂ ಜನ ಬಂದರು. ಮಂಡಿನೋವಿನ ನಮ್ಮಾಕೆ ನಮ್ಮ ಗಚ್ಚಿಯ ಮೇಲೇ ಕುರ್ಚಿ ಹಾಕಿಕೊಂಡು ಧೋತರದ ಹಿಂಬದಿಯಲ್ಲಿ ಕೂತಿದ್ದಳು. ಯಂತ್ರದ ಟರಟರ ಬಿಟ್ಟರೆ ಬೇರೆ ಸದ್ದಿಲ್ಲ. ಕೊಡಾಕ್ರೋಮ್ ಫಿಲ್ಮಿನ ಕೆಂಪು ನಲವತ್ತು ವರ್ಷಕ್ಕೂ ಕೆಂಪಾಗಿಯೇ ಇತ್ತು. ಅದನ್ನು ತೊಳೆಯುತ್ತಿದ್ದ ಜಗತ್ತಿನ ಕಟ್ಟಕಡೆಯ ಲ್ಯಾಬು ಅಮೆರಿಕದ ಕಾನ್ಸಸ್‌ನಲ್ಲಿತ್ತು. 2010ರ ಕೊನೆಗೆ ಅದೂ ಹೊಸ ರೋಲು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಪರದೆಯ ಮೇಲೆ ಮಲ್ಲಿಗೆಯ ದಂಡೆ ಮುಡಿದ ಹುಡುಗಿ ತಲೆ ತಗ್ಗಿಸಿ ಬಂದಳು. ಮೀಸೆ ದಪ್ಪ, ಮೈ ಸಣ್ಣ ಇದ್ದ ಶೆಟ್ರು ಕ್ಯಾಮೆರಾಗೆ ಹೆದರಿ ನಿಂತಿದ್ದರು. ತೀರಿಹೋದ ಅಜ್ಜಿ ಒಂದು ಕ್ಷಣ ಬಂದು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೋದರು. ಗಿಂಡಿಯಿಂದ ಧಾರೆ ಎರೆದರು. ಹಾರ ಬದಲಾಯಿತು. ದಂಪತಿ ಕಾರು ಹತ್ತಿದರು. ಧೋತರ ಬೆಳ್ಳಗಾಯಿತು.

ಒಂದು ಗಳಿಗೆ ಎಲ್ಲರೂ ಸುಮ್ಮನಿದ್ದರು. ಮತ್ತೆ ನಮ್ಮ ಗಚ್ಚಿಯಿಂದ ನಾಟಕ ಕಂಪನಿಯ ಕಾಲದ ದನಿಯೊಂದು ಕೂಗಿತು: “ಒನ್ಸ್ ಮೋರ್!” ನಮ್ಮಾಕೆಯೇ.

ಎಲ್ಲರೂ ಕೂಗತೊಡಗಿದರು. ಹುಡುಗ ಗಾಬರಿಯಲ್ಲಿ ರೀಲು ಹಿಂದಕ್ಕೆ ಸುತ್ತಲು ಹೋಗಿ, ದೀಪ ಆರಿಸದೆಯೇ ಕೀಲಿಯನ್ನು ಉಲ್ಟಾ ತಿರುಗಿಸಿಬಿಟ್ಟ. ದಂಪತಿ ಹಿಂದುಹಿಂದಕ್ಕೆ ಕಾರಿಳಿದರು. ಹಾರಗಳು ಮರಳಿ ಅವರವರ ಕೈಗೆ ಬಂದವು. ಅಜ್ಜಿಗಿನ್ನೂ ಸರದಿ ಬಂದಿರಲಿಲ್ಲ, ಅಷ್ಟರಲ್ಲಿ ನಮ್ಮೆಲ್ಲರ ಕಣ್ಣೆದುರಿಗೇ ಎರೆದ ಧಾರೆಯ ನೀರು ಬೊಗಸೆಯಿಂದ ಎದ್ದು ಸರಸರನೆ ಗಿಂಡಿಯೊಳಗೆ ಹೋಗಿ ಸೇರಿತು.

ಅಷ್ಟು ಹೊತ್ತು ಮಾತಾಡದೆ ಕೂತಿದ್ದ ಅಕ್ಕ ಎದ್ದು ನಿಂತರು.

“ಮಗಾ, ಅಲ್ಲಿಗೇ ನಿಲ್ಸು. ನಾನು ಇನ್ನೊಮ್ಮೆ ಯೋಚನೆ ಮಾಡ್ತೇನೆ.”

“ನಿಲ್ಸಬೇಡ ಮಾರಾಯ, ಸುಟ್ಟು ಹೋಗ್ತದೆ!” ಶೆಟ್ರು ಎರಡೂ ಮೊಣಕೈ ಎತ್ತಿ ಯಂತ್ರದ ಕಡೆ ಓಡಿದರು. “ಮುಂದೆ ಓಡ್ಸು, ಮುಂದೆ ಓಡ್ಸು!”