ಅನುದಾನ ಸಮಿತಿಗಳ ಸನ್ನಿಧಾನಕ್ಕೆ

ಆರೋಗ್ಯ ಸಂಶೋಧನೆಗೆ ಧನಸಹಾಯ ನೀಡುವ ಸಮಸ್ತ ಪ್ರತಿಷ್ಠಾನಗಳ ಅನುದಾನ ಸಮಿತಿಗಳಿಗೆ, ಅಧ್ಯಯನಕ್ಕೆ ಒಳಗಾಗಿರುವ ಮತ್ತು ಮುಂದೆ ಒಳಗಾಗಲಿರುವ ಗ್ರಾಮಗಳ ಪರವಾಗಿ ಸವಿನಯ ನಿವೇದನೆ.

ಸಮಿತಿಗಳ ಔದಾರ್ಯದಲ್ಲಿ ಗ್ರಾಮಗಳಿಗೆ ಕಿಂಚಿತ್ತೂ ಸಂದೇಹವಿಲ್ಲ. ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡು ಪ್ರಶ್ನೆಯನ್ನು ಮಾತ್ರ ಸಮುದ್ರದಾಚೆಗೆ ಕಳಿಸಿಕೊಡುವುದು ಸಾಮಾನ್ಯ ತ್ಯಾಗವಲ್ಲ. 1950ರ ದಶಕದಲ್ಲಿ ಪಂಜಾಬಿನ ಲೂಧಿಯಾನ ಜಿಲ್ಲೆಯ ಖನ್ನಾ ಪಟ್ಟಣದ ಸುತ್ತಲಿನ ಹಳ್ಳಿಗಳಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಜಾನ್ ವೈಯನ್ ಮತ್ತು ಜಾನ್ ಗಾರ್ಡನ್ ಅವರ ತಂಡವು, ರಾಕ್‌ಫೆಲ್ಲರ್ ಪ್ರತಿಷ್ಠಾನ ಹಾಗೂ ಭಾರತ ಸರ್ಕಾರದ ನೆರವಿನೊಂದಿಗೆ, ಜನನ ಪ್ರಮಾಣವನ್ನು ತಗ್ಗಿಸುವ ಉದ್ದೇಶದಿಂದ ಬಂದಿತು. ಕೆಲವು ಹಳ್ಳಿಗಳಿಗೆ ನೊರೆಗುಳಿಗೆ ಮೊದಲಾದ ಗರ್ಭನಿರೋಧಕಗಳು ದೊರೆತವು. ಉಳಿದವು ತುಲನಾ ಗ್ರಾಮಗಳಾದವು, ಅಂದರೆ ಏನನ್ನೂ ಪಡೆಯದೆ, ಪಡೆದವರೊಡನೆ ಹೋಲಿಸುವುದಕ್ಕಾಗಿ ಮಾತ್ರ ಎಣಿಸಲ್ಪಡುವ ಪುಣ್ಯವನ್ನು ಪಡೆದವು.

ಗುಳಿಗೆಗಳನ್ನು ಬಹುಪಾಲು ಜನರು ಸ್ವೀಕರಿಸಿದರು. ಅಷ್ಟು ದೂರದಿಂದ ಬಂದವರು ಕೈಯೊಡ್ಡಿ ಕೊಟ್ಟದ್ದನ್ನು ಬೇಡವೆನ್ನುವುದು ಪಂಜಾಬಿನ ರೈತನಿಗೆ ಸೌಜನ್ಯವೆನಿಸಲಿಲ್ಲ. ಬಳಸುವುದು ಅಗತ್ಯವೆಂದೂ ಅನಿಸಲಿಲ್ಲ. ಅನಂತರ ಅದೇ ಪ್ರದೇಶವನ್ನು ಅಧ್ಯಯನ ಮಾಡಿ 1972ರಲ್ಲಿ ಪುಸ್ತಕ ಪ್ರಕಟಿಸಿದ ಮಹಮೂದ್ ಮಮ್ದಾನಿಯವರು, ಒಂದು ಮನೆಯ ಮೂಲೆಯಲ್ಲಿ ಆ ಗುಳಿಗೆಯ ಡಬ್ಬಿಗಳನ್ನೇ ಜೋಡಿಸಿ ನಿರ್ಮಿಸಿದ ಶಿಲ್ಪವನ್ನು ಕಂಡರು. ಕೊಟ್ಟ ಹಣವು ಕೊಟ್ಟ ಉದ್ದೇಶಕ್ಕೇ ವೆಚ್ಚವಾಯಿತೆಂದು ಸಾರುವ ಬಳಕೆ ಪ್ರಮಾಣಪತ್ರದಲ್ಲಿ ಈ ಶಿಲ್ಪಕ್ಕೆ ಸ್ಥಾನ ದೊರೆಯದಿರುವುದು ಲೆಕ್ಕಪರಿಶೋಧನೆಯ ಲೋಪವೆಂದೇ ಗ್ರಾಮಗಳ ಅಭಿಪ್ರಾಯ, ಬಳಕೆಯಂತೂ ಆಗಿದೆ.

ಹೊಲಕ್ಕೆ ಕೂಲಿಯಾಳನ್ನಿಡುವ ಶಕ್ತಿಯಿಲ್ಲದ ಕುಟುಂಬಕ್ಕೆ ಮಕ್ಕಳೇ ದುಡಿಯುವ ಕೈಗಳೆಂಬ ಸಂಗತಿಯನ್ನು ಊರಿನ ಯಾರಾದರೂ ಅನುದಾನವಿಲ್ಲದೆಯೇ ತಿಳಿಸಬಹುದಿತ್ತು, ಆದರೆ ಅದಕ್ಕೆ ಪ್ರಶ್ನಾವಳಿಯಲ್ಲಿ ಅಂಕಣವಿರಲಿಲ್ಲ. ಹಾರ್ವರ್ಡ್ ತಂಡದ 1969ರ ಮರುಭೇಟಿಯಲ್ಲಿ ಜನನ ಪ್ರಮಾಣ ಕೊಂಚ ಇಳಿದದ್ದು ಕಂಡಿತಾದರೂ, ಹೆಣ್ಣುಮಕ್ಕಳ ಮದುವೆಯ ವಯಸ್ಸು ಏರಿದ್ದೇ ಅದಕ್ಕೆ ಮುಖ್ಯ ಕಾರಣವಾಗಿತ್ತು. ಹೀಗೆ ಯಾರ ಅನುಮೋದನೆಯನ್ನೂ ಕೇಳದೆ ಫಲಿತಾಂಶ ನೀಡಿದ್ದಕ್ಕಾಗಿ ಗ್ರಾಮಗಳು ಕ್ಷಮೆ ಕೋರುತ್ತವೆ.

ಇದಕ್ಕಿಂತ ಮುಜುಗರದ ವಿಷಯವೊಂದಿದೆ. ಮನೆಮನೆಗೂ ಮತ್ತೆಮತ್ತೆ ಹೋಗಿ ಹುಟ್ಟು ಸಾವುಗಳನ್ನು ಬರೆದುಕೊಂಡ ಕ್ಷೇತ್ರ ಸಿಬ್ಬಂದಿಯ ಶ್ರದ್ಧೆಯಿಂದಾಗಿ, ತಾಯಿಹಾಲು ಬಿಡಿಸಿ ಬೇರೆ ಆಹಾರ ಆರಂಭಿಸುವ ಹೊತ್ತಿಗೆ ಮಕ್ಕಳು ಅಪೌಷ್ಟಿಕತೆ ಮತ್ತು ಸೋಂಕಿನ ನಡುವೆ ಸಿಕ್ಕಿ ಭೇದಿಯಿಂದ ಸಾಯುವ ಚಿತ್ರ ಸ್ಪಷ್ಟವಾಯಿತು. ಗಾರ್ಡನ್ ಮತ್ತು ಸಂಗಡಿಗರು 1963ರಲ್ಲಿ ಇದನ್ನು ಹಾಲುಬಿಡಿಸುವ ಕಾಲದ ಭೇದಿಯೆಂಬ ಹೆಸರಿನಿಂದ ಪ್ರಕಟಿಸಿದರು. ಹುಟ್ಟುವವರನ್ನು ಕಡಿಮೆ ಮಾಡಲು ಬಂದ ಹಣವು ಹುಟ್ಟಿದವರು ಏಕೆ ಉಳಿಯುವುದಿಲ್ಲವೆಂಬುದನ್ನು ತಿಳಿಸಿಕೊಟ್ಟಿತು. ಗ್ರಾಮಗಳು ಕೃತಜ್ಞತೆ ಸಲ್ಲಿಸಬಯಸುವುದು ಇದಕ್ಕೇ; ದುರದೃಷ್ಟವಶಾತ್ ಇದು ಯೋಜನೆಯ ಮುಖ್ಯ ಗುರಿಯಾಗಿರಲಿಲ್ಲ.

ಆದುದರಿಂದ ಮುಂದಿನ ಅರ್ಜಿ ನಮೂನೆಯಲ್ಲಿ, ಊರಿನವರನ್ನು ಕಾಡುವ ಕಾಯಿಲೆ ಯಾವುದೆಂದು ಊರಿನವರನ್ನೇ ಕೇಳುವ ಒಂದು ಅಂಕಣವನ್ನು ಸೇರಿಸಬೇಕಾಗಿ ಪ್ರಾರ್ಥನೆ. ಪದಮಿತಿ ಐವತ್ತಾದರೂ ಆಕ್ಷೇಪವಿಲ್ಲ. ಉತ್ತರವನ್ನು ಭಾಷಾಂತರಿಸುವ ಖರ್ಚನ್ನು ಪರೋಕ್ಷ ವೆಚ್ಚಕ್ಕೆ, ಅಂದರೆ ಸಂಸ್ಥೆಯು ಕಟ್ಟಡ, ವಿದ್ಯುತ್ತು, ಗುಮಾಸ್ತರಿಗೆಂದು ಹಿಡಿದುಕೊಳ್ಳುವ ಪಾಲಿಗೆ, ಹಾಕಿಕೊಳ್ಳಬಹುದು.

ಇಂತಿ,
ತುಲನಾ ಗ್ರಾಮಗಳೂ ಸೇರಿದಂತೆ ಸಮಸ್ತ ಗ್ರಾಮಗಳ ಪರವಾಗಿ