ಸಾಲಾವಳಿ ಕೂಡಿಬಂದರೆ

ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಕೆಲಸ ಸಿಕ್ಕಿದ ಮೇಲೂ ನಾನು ಕತೆ ಬರೆಯುವುದನ್ನು ಬಿಡಲಿಲ್ಲ ಎನ್ನುವುದು ನಮ್ಮ ನೆಂಟರಿಷ್ಟರಿಗೆ ಇನ್ನೂ ಅರಗಿಲ್ಲ. ಕೆಲಸವಿಲ್ಲದಾಗ ಹೊತ್ತು ಹೋಗದೆ ಬರೆಯುತ್ತಾಳೆ ಎಂದು ಅವರು ಸುಮ್ಮನಿದ್ದರು. ಈಗ ತಿಂಗಳಾದರೆ ಸಂಬಳ ಬರುತ್ತದೆ, ಇನ್ನೂ ಏನು ಬಾಧೆ? "ಬರೆಯೋದೇ ಆದ್ರೆ ಸೀರಿಯಲ್‌ಗೆ ಬರಿಯಮ್ಮ, ನಾವೂ ನೋಡ್ತೀವಿ" ಎನ್ನುತ್ತಾರೆ ದೊಡ್ಡಮ್ಮ. ಅದರಲ್ಲಿ ಪ್ರೀತಿಯೇ ಜಾಸ್ತಿ ಇರುವುದರಿಂದ ನಾನು ಜಗಳಕ್ಕೆ ಹೋಗುವುದಿಲ್ಲ.

ಹೋಗುವುದಾದರೆ ನನ್ನ ಪರ ಸಾಕ್ಷಿ ಹೇಳುವವರಿಗೇನೂ ಕೊರತೆಯಿಲ್ಲ. ಕನ್ನಡದಲ್ಲಿ ಪಾಠ ಹೇಳುವುದೂ ಬರೆಯುವುದೂ ಮೊದಲಿನಿಂದ ಒಂದೇ ಮನೆಯ ಕಸುಬು. ಶಾಲಾ ಇನ್‌ಸ್ಪೆಕ್ಟರಾಗಿದ್ದ ಪಂಜೆ ಮಂಗೇಶರಾಯರು 'ಕವಿಶಿಷ್ಯ' ಎಂಬ ಹೆಸರಿಟ್ಟುಕೊಂಡು ಮಕ್ಕಳಿಗೆ ಬರೆದರು. ಕುವೆಂಪು ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಹೇಳಿದರು, ನಮ್ಮ ಹಾಸನ ಜಿಲ್ಲೆಯ ಸಂತೇಶಿವರದ ಭೈರಪ್ಪನವರು ತತ್ತ್ವಶಾಸ್ತ್ರ ಹೇಳಿದರು. ಮೇಷ್ಟ್ರಾಗಿದ್ದ ಗಳಗನಾಥರು ಕಾದಂಬರಿ ಬರೆದದ್ದಲ್ಲದೆ ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಸುತ್ತಿ ಮಾರಿದರು. ಇದರಲ್ಲಿ ನನಗೆ ಬಹಳ ಖುಷಿ ಕೊಡುವ ಜೋಡಿಯೆಂದರೆ ಮಾಸ್ತಿ ಮತ್ತು ಜಿ.ಪಿ. ರಾಜರತ್ನಂ. ಅಬಕಾರಿ ಕಮಿಷನರಾಗಿದ್ದ ಮಾಸ್ತಿಯವರು ಅಚ್ಚುಕಟ್ಟಾದ ಸಂಸಾರಸ್ಥರ ಕತೆ ಬರೆದರು. ಕಾಲೇಜು ಮೇಷ್ಟ್ರಾಗಿದ್ದ ರಾಜರತ್ನಂ ಹೆಂಡಗುಡುಕನ ಪದ ಬರೆದರು. ಖಾತೆ ಹಂಚುವಾಗ ಫೈಲು ಅದಲುಬದಲಾಗಿರಬೇಕು.

ಫೈಲು ಎಂದಾಗ ನಮ್ಮ ಶಾಲೆಯ ಬೀರುವಿನ ನೆನಪು ಬಂತು. ನಾನು ಕೆಲಸಕ್ಕೆ ಸೇರಿದಾಗ ಗ್ರಂಥಾಲಯ ಎಲ್ಲಿದೆ ಎಂದು ಕೇಳಿದ್ದಕ್ಕೆ ಹೆಡ್‌ಮಾಸ್ಟರು ತಮ್ಮ ಕುರ್ಚಿಯ ಹಿಂದಿದ್ದ ಕಬ್ಬಿಣದ ಬೀರುವನ್ನು ಗೋಣು ತಿರುಗಿಸದೆಯೇ ಹೆಬ್ಬೆರಳಲ್ಲಿ ತೋರಿಸಿದ್ದರು. ಬೀಗದ ಕೈ ಅವರ ಡ್ರಾಯರಿನಲ್ಲಿ, ಡ್ರಾಯರಿನ ಕೈ ಅವರ ಜೇಬಿನಲ್ಲಿ. ಜಿಪುಣತನವೇನಲ್ಲ, ಪುಸ್ತಕ ಕಳೆದರೆ ಆಡಿಟ್‌ನಲ್ಲಿ ಉತ್ತರ ಹೇಳಬೇಕಾದವರು ಅವರು. ಓದದೆ ಬಿದ್ದಿರುವ ಪುಸ್ತಕದ ಬಗ್ಗೆ ಯಾವ ಆಡಿಟರೂ ಆಕ್ಷೇಪಣೆ ಬರೆದಿದ್ದನ್ನು ನಾನು ಕೇಳಿಲ್ಲ.

ಬೀರುವಿಗಿಂತ ರಸವತ್ತಾಗಿದ್ದದ್ದು ಅದರ ಸ್ಟಾಕ್ ರಿಜಿಸ್ಟರು. ಉದ್ದನೆಯ ರಟ್ಟಿನ ಪುಸ್ತಕ, ಬೆನ್ನಿಗೆ ಕೆಂಪು ಕ್ಯಾಲಿಕೋ. ಕ್ರಮಸಂಖ್ಯೆ, ಪುಸ್ತಕದ ಹೆಸರು, ವಿಷಯ, ಬೆಲೆ, ಷರಾ ಎಂದು ಐದು ಅಂಕಣ. ಯಾರೋ ಪುಣ್ಯಾತ್ಮರು ಮುದ್ದಾದ ಅಕ್ಷರದಲ್ಲಿ ತುಂಬಿದ್ದರು. ಭೈರಪ್ಪನವರ 'ಗೃಹಭಂಗ'ದ ಎದುರು ವಿಷಯ: ಗೃಹವಿಜ್ಞಾನ. ತೇಜಸ್ವಿಯವರ 'ಕರ್ವಾಲೊ' ಎದುರು: ಇಂಗ್ಲಿಷ್. ದೇವನೂರ ಮಹಾದೇವರ 'ಕುಸುಮಬಾಲೆ' ಬಾಲಸಾಹಿತ್ಯದಲ್ಲಿತ್ತು. ಷರಾ ಅಂಕಣದಲ್ಲಿ ಅಲ್ಲಲ್ಲಿ 'ಗೆದ್ದಲು' ಎಂದು ಬರೆದಿತ್ತು. ನಮ್ಮ ಶಾಲೆಯಲ್ಲಿ ಅಲ್ಲಿಯ ತನಕ ಯಾವ ಭೇದವೂ ಇಲ್ಲದೆ ಎಲ್ಲ ಬಗೆಯ ಸಾಹಿತ್ಯಕ್ಕೂ ಬಾಯಿ ಹಾಕಿದ್ದು ಅದೊಂದೇ.

ಹೇಗೋ ಬೀಗದ ಕೈ ನನ್ನ ಕೈಗೆ ಬಂತು. ಜೊತೆಗೆ "ಒಂದು ಪುಸ್ತಕ ಹೋದ್ರೂ ನಿಮ್ಮ ಸಂಬಳದಲ್ಲಿ ಕಟ್ ಮೇಡಂ" ಎಂಬ ಆಶೀರ್ವಾದವೂ ಬಂತು. ಅವತ್ತಿನಿಂದ ಪಾಠದ ಜೊತೆಗೆ ಮದುವೆ ದಲ್ಲಾಳಿಯ ಕೆಲಸ ಶುರುವಾಯಿತು. ಒಂದು ಕಡೆ ಪುಸ್ತಕ, ಒಂದು ಕಡೆ ಹುಡುಗರು. ಎರಡೂ ಕಡೆ ಒಳ್ಳೆಯ ಮನೆತನವೇ, ಆದರೆ ಸಾಲಾವಳಿ ಕೂಡಿಬರಬೇಕಲ್ಲ? ದಲ್ಲಾಳಿಗೆ ಮೆಚ್ಚುಗೆಯಾದ ಸಂಬಂಧ ಹುಡುಗನಿಗೆ ಮೆಚ್ಚುಗೆಯಾಗಬೇಕೆಂದೇನಿಲ್ಲ. ಶ್ರೇಷ್ಠ ಕೃತಿ, ಪ್ರಶಸ್ತಿ ಬಂದಿದೆ ಎಂದು ಹೇಳಿ ದಾಟಿಸಿದ ಪುಸ್ತಕಗಳು ಸೋಮವಾರವೇ ತವರಿಗೆ ವಾಪಸ್ಸಾಗುತ್ತಿದ್ದವು.

ಮೊದಲು ಕುದುರಿದ್ದು 'ಕರ್ವಾಲೊ'. ಅದನ್ನು ಒಯ್ದ ಒಂಬತ್ತನೇ ಕ್ಲಾಸಿನ ಹುಡುಗನಿಗೆ ಟ್ರ್ಯಾಕ್ಟರ್ ಬಿಟ್ಟರೆ ಪ್ರಪಂಚದಲ್ಲಿ ಬೇರೆ ವಸ್ತುವೇ ಇರಲಿಲ್ಲ. ಜೇನಿನ ಕತೆ, ಮೂಡಿಗೆರೆ ಕಡೆಯದು, ನಾಯಿಯೂ ಇದೆ ಎಂದಷ್ಟೇ ಹೇಳಿ ಕೊಟ್ಟೆ. 1980ರಲ್ಲಿ ಬಂದ ಕಾದಂಬರಿ, ಅವನ ಅಪ್ಪನಷ್ಟು ವಯಸ್ಸು. ವಾಪಸ್ ತಂದಾಗ ಹುಡುಗನ ಮುಖ ಗಂಟಿಕ್ಕಿತ್ತು. ಬಿರಿಯಾನಿ ಕರಿಯಪ್ಪ ಬಹಳ ಹಿಡಿಸಿದ್ದನಂತೆ. ಆದರೆ ಅಷ್ಟೆಲ್ಲ ಕಾಡು ಅಲೆದು ಕಡೆಗೆ ಆ ಹಾರುವ ಓತಿಯನ್ನು ಬಿಟ್ಟು ಬಂದದ್ದು ಅವನಿಗೆ ತಡೆಯಲಾಗಲಿಲ್ಲ. "ಅಷ್ಟ್ ದೂರ ಹೋಗಿ ಬರಿಗೈಲಿ ಬಂದ್ರಲ್ಲ ಮಿಸ್, ಎಂಥ ಜನ! ನಮ್ ಮಾವನ್ನ ಕರ್ಕೊಂಡ್ ಹೋಗಿದ್ರೆ ಹಿಡ್ಕೊಡೋರು." ಆ ಕೊನೆಯ ಪುಟಗಳ ಬಗ್ಗೆ ಎಂ.ಎ.ಯಲ್ಲಿ ನಾನು ಉದ್ದದ ಉತ್ತರ ಬರೆದವಳು. ಇಷ್ಟು ಸಂಕಟ ಪಟ್ಟಿರಲಿಲ್ಲ.

ತ್ರಿವೇಣಿಯವರ ಕಾದಂಬರಿ ಒಯ್ದ ಹುಡುಗಿಯದು ಇನ್ನೊಂದು ಕತೆ. ವಾರಗಟ್ಟಲೆ ಪುಸ್ತಕ ಬರಲಿಲ್ಲ. ನನಗೆ ಸಂಬಳದ ಚಿಂತೆ. ವಿಚಾರಿಸಿದರೆ ಅವಳ ಅಜ್ಜಿ ಕಿತ್ತುಕೊಂಡು ಕೂತಿದ್ದಾರೆ. 1963ರಲ್ಲೇ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಲೇಖಕಿಯನ್ನು ಅಜ್ಜಿ ಮನೆಯ ಹೆಣ್ಣುಮಗಳೆಂಬಂತೆ ಮಾತಾಡುತ್ತಾರಂತೆ. ಹರೆಯದಲ್ಲಿ ಒಲೆ ಮುಂದೆ ಕದ್ದು ಓದಿ ಬೈಸಿಕೊಂಡಿದ್ದರಂತೆ. ಈಗ ಬೈಯುವವರು ಯಾರೂ ಉಳಿದಿಲ್ಲ, ಕನ್ನಡಕವೂ ಹೊಸದು. ಪುಸ್ತಕ ಬಂತು, ಹಿಂದೆಯೇ "ಅವರದು ಇನ್ನೊಂದಿದ್ದರೆ ಕಳಿಸಿ" ಎಂಬ ಚೀಟಿಯೂ ಬಂತು. ಶಾಲೆಯ ಹಾಜರಿಪಟ್ಟಿಯಲ್ಲಿ ಇಲ್ಲದ ಆ ವಿದ್ಯಾರ್ಥಿನಿ ಇವತ್ತಿಗೂ ನನ್ನ ಖಾಯಂ ಗಿರಾಕಿ.

2025ರ ಮೇ ತಿಂಗಳಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್'ನಲ್ಲಿ ಹನ್ನೆರಡು ಕತೆಗಳು. ಆ ಪ್ರಶಸ್ತಿ ಕನ್ನಡಕ್ಕೂ ಮೊದಲು, ಸಣ್ಣಕತೆಗಳ ಸಂಕಲನಕ್ಕೂ ಮೊದಲು. ಶಾಲೆ ಬಾಗಿಲು ತೆಗೆದ ಮೇಲೆ ಅಸೆಂಬ್ಲಿಯಲ್ಲಿ ಹೇಳಿದೆವು, ಚಪ್ಪಾಳೆ ತಟ್ಟಿದರು. ಆಮೇಲೆ ಅವರ ಒಂದು ಕನ್ನಡ ಕತೆಯನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದೆ. ಮೂರನೇ ಬೆಂಚಿನ ಹುಡುಗಿ ಎಂದೂ ಬಾಯಿ ಬಿಡದವಳು, ಅವತ್ತು ಬೆಲ್ಲಾದ ಮೇಲೆ ನನ್ನ ಹಿಂದೆಯೇ ಸ್ಟಾಫ್ ರೂಮಿನ ತನಕ ಬಂದಳು. "ಮಿಸ್, ಇವರು ನಮ್ಮ ಬೀದಿಗೆ ಯಾವಾಗ ಬಂದಿದ್ರು?" ಬಂದಿಲ್ಲಮ್ಮ ಎಂದರೆ ನಂಬಲಿಲ್ಲ. "ನಮ್ಮ ಖಾಲಾ ಥೇಟ್ ಹಿಂಗೇ ಬೈಯೋದು." ಬೆಂಚಿನ ಪಕ್ಕದವಳಿಗೆ ಆ ಖಾಲಾರನ್ನು ನೋಡಲೇಬೇಕೆಂದು ಹಟ ಬಂದು ಶನಿವಾರ ಅವರ ಮನೆಗೆ ಹೋಗಿ, ಬೈಸಿಕೊಂಡು, ಶಾವಿಗೆ ತಿಂದು ಬಂದಳು. ಇಬ್ಬರೂ ಒಂದೇ ಊರಿನವರು, ಐದನೇ ಕ್ಲಾಸಿನಿಂದ ಜೊತೆಗೇ ಕೂತವರು. ಬೇರೆ ಬೇರೆ ಬಗೆಯ ಕತೆಗಳನ್ನು ಓದಬೇಕು, ದೃಷ್ಟಿ ವಿಶಾಲವಾಗುತ್ತದೆ ಎಂದು ತರಬೇತಿ ಶಿಬಿರಗಳಲ್ಲಿ ನಮಗೆ ಹೇಳುತ್ತಾರೆ. ದೃಷ್ಟಿಯ ವಿಚಾರ ನಾನು ಅಳೆದು ನೋಡಿಲ್ಲ. ಎರಡು ಬೀದಿಯಾಚೆಯ ಶಾವಿಗೆಯಂತೂ ಸಿಕ್ಕಿತು.

'ಕುಸುಮಬಾಲೆ' ಮಾತ್ರ ಕಷ್ಟವಾದೀತು ಎಂದು ಹಿಂದೆ ಮುಂದೆ ನೋಡುತ್ತಿದ್ದೆ. ನಂಜನಗೂಡು ಸೀಮೆಯ ಮಾತು, ನಮ್ಮ ಅರಸೀಕೆರೆ ಹುಡುಗರ ಕಿವಿಗೆ ಹೊಸದು. ಸ್ಟಾಫ್ ರೂಮಿನಲ್ಲಿ ಓದಿದವರು "ಮಂಚ ಮಾತಾಡುತ್ತೆ ಅಂದ್ರೆ ಹೆಂಗೆ ಒಪ್ಪೋದು? ಇದು ಯಾವ ತಂತ್ರ?" ಎಂದು ಚರ್ಚೆ ಎತ್ತಿದ್ದರು. ಕ್ಲಾಸಿನಲ್ಲಿ ಒಂದು ಭಾಗ ಓದಿದೆ. ಮಂಚ ಮಾತಾಡುವುದಕ್ಕೆ ಒಬ್ಬನ ತಕರಾರೂ ಇಲ್ಲ. ಊರಿನ ದೀಪಗಳೆಲ್ಲ ಜೋತಮ್ಮಗಳಾಗಿ ಒಂದೆಡೆ ಸೇರಿ ಮನೆಮನೆಯ ಸುದ್ದಿ ಆಡುವುದಕ್ಕೂ ಇಲ್ಲ. ಅವರ ಪ್ರಶ್ನೆಯೇ ಬೇರೆ: "ಈಗ ಎಲ್ಲರ ಮನೇಲೂ ಕರೆಂಟು, ಅವು ಎಲ್ಲಿ ಸೇರ್ತವೆ ಮಿಸ್?" ಇದಕ್ಕೆ ಉತ್ತರ ನನ್ನ ನೋಟ್ಸಿನಲ್ಲಿರಲಿಲ್ಲ. "ಟ್ರಾನ್ಸ್‌ಫಾರ್ಮರ್ ಹತ್ರ" ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು.

ಇಷ್ಟೆಲ್ಲ ಓದಿದವರು ಟೀಚರ್ ಬರೆದದ್ದನ್ನು ಬಿಡುತ್ತಾರೆಯೇ? ಭಾನುವಾರದ ಪುರವಣಿಯಲ್ಲಿ ನನ್ನದೊಂದು ಕತೆ ಬಂದಾಗ ಸೋಮವಾರ ಅದು ಕಪ್ಪುಹಲಗೆಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಕತೆಯ ಕುಂಟು ಅಜ್ಜ ತಮ್ಮ ತಾತನೇ ಎಂದು ನಾಲ್ಕು ಮನೆಯವರು ಹಕ್ಕು ಸಾಧಿಸಿದರು. ಟ್ರ್ಯಾಕ್ಟರ್ ಹುಡುಗನದು ಶುದ್ಧ ವಿಮರ್ಶೆ. "ಚೆನ್ನಾಗೈತೆ ಮಿಸ್. ಮಳೆ ಜಾಸ್ತಿ ಆಯ್ತು." ತೆಂಗಿನ ಮರ ಒಣಗಿ ಟ್ಯಾಂಕರಿನಲ್ಲಿ ನೀರು ಹೊಡೆಸುವ ಊರಿನಲ್ಲಿ ಕೂತು ನಾನು ಮೂರು ಕಾಲಂ ಉದ್ದಕ್ಕೂ ಸೋನೆ ಮಳೆ ಸುರಿಸಿದ್ದೆ. ಕುವೆಂಪು, ತೇಜಸ್ವಿ ಓದಿಕೊಂಡು ಬೆಳೆದವರ ಪೆನ್ನು ತೆರೆದರೆ ಮಲೆನಾಡಿನ ಮೋಡವೇ ಕವಿಯುವುದು. ಆದರೂ ಸಂಕಲನ ಮಾಡುವಾಗ ಒಂದು ಹನಿಯನ್ನೂ ತೆಗೆಯಲಿಲ್ಲ. ಅರಸೀಕೆರೆಗೆ ಕತೆಯಲ್ಲಾದರೂ ಮಳೆ ಬರಲಿ.

ಸಂಕಲನದ್ದು ಐನೂರು ಪ್ರತಿ. ಅದರಲ್ಲಿ ಮಾರಾಟವಾದದ್ದೆಷ್ಟು, ಗೌರವಪ್ರತಿಯಾಗಿ ಹೋದದ್ದೆಷ್ಟು ಎಂಬುದು ನನಗೂ ನಮ್ಮ ಅಟ್ಟಕ್ಕೂ ಗೊತ್ತು. ಪುಸ್ತಕಕ್ಕೆ ದುಡ್ಡು ಸುರಿಯುತ್ತಾಳೆ ಎಂದು ಗೊಣಗುವ ಅಪ್ಪನಿಗೆ ನಾನು ಹೇಳುವುದಿಷ್ಟೆ: 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆಕಂದಾಯದ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ನೀವೂ ಕಟ್ಟುತ್ತಿದ್ದೀರಿ, ನೀವೂ ಸಾಹಿತ್ಯ ಪೋಷಕರೇ. ಅಪ್ಪ ಅವತ್ತು ರಸೀತಿ ತೆಗೆದು ಎರಡು ಸಲ ಓದಿದರು.

ಪುಸ್ತಕದ ಮರುಳು ನಮ್ಮ ಮನೆಗೆ ಮಾತ್ರ ಹತ್ತಿದ್ದಲ್ಲ ಎಂದು ತೋರಿಸಲು ಮಕ್ಕಳನ್ನು ಪಾಂಡವಪುರದ ಹತ್ತಿರದ ಹರಳಹಳ್ಳಿಗೆ ಕರೆದುಕೊಂಡು ಹೋದೆವು. ಬಸ್ ಕಂಡಕ್ಟರಾಗಿದ್ದು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ಅಲ್ಲಿ ಪುಸ್ತಕಮನೆ ಕಟ್ಟಿದ್ದಾರೆ. ಲಕ್ಷಗಟ್ಟಲೆ ಪುಸ್ತಕ. ಕಪಾಟು ತುಂಬಿ, ನೆಲ ತುಂಬಿ, ಓಡಾಡಲು ಕಾಲುದಾರಿಯಷ್ಟೇ ಉಳಿದಿದೆ. ಮಕ್ಕಳು ಬೆರಗಾದರು. ನನ್ನ ರಿಜಿಸ್ಟರಿಗೆ ಗೆರೆ ಎಳೆದುಕೊಡುವ ಲೀಡರ್ ಹುಡುಗಿಗೆ ಮಾತ್ರ ಕಳವಳವೇ ಜಾಸ್ತಿ: "ಇಷ್ಟಕ್ಕೂ ಸ್ಟಾಕ್ ಎಂಟ್ರಿ ಮಾಡೋರು ಯಾರು ಮಿಸ್?"

ಇಷ್ಟಾಗಿಯೂ ಒಬ್ಬ ಹುಡುಗನಿಗೆ ಸಂಬಂಧ ಕುದುರಿರಲಿಲ್ಲ. ನಾನು ತೋರಿಸಿದ ಪುಸ್ತಕವನ್ನೆಲ್ಲ ತೂಗಿ ನೋಡಿ ನಯವಾಗಿ ಬೇಡವೆನ್ನುತ್ತಿದ್ದ. ಕೊನೆಗೆ ಹಳೇ ಪುಸ್ತಕದ ರಾಶಿಯಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿಯೊಂದು ಸಿಕ್ಕಿತು. ಪ್ರೈಮರಿಯ ಆಚೆ ಓದದ ಅವರು ನೂರಾರು ಕಾದಂಬರಿ ಬರೆದು, ಪತ್ತೇದಾರ ಪುರುಷೋತ್ತಮನನ್ನು ಮನೆಮಾತು ಮಾಡಿ, ಎಷ್ಟೋ ಜನಕ್ಕೆ ಓದಿನ ರುಚಿ ಹತ್ತಿಸಿದವರು. ಇಂಥದ್ದನ್ನೆಲ್ಲ ಶಾಲೆಯ ಬೀರುವಿನಲ್ಲಿ ಇಡುವುದೇ ಎಂದು ಸಹೋದ್ಯೋಗಿಗಳು ಹುಬ್ಬೇರಿಸಿದರು. ದಲ್ಲಾಳಿಗೆ ಮಡಿ ಮೈಲಿಗೆ ನೋಡಿದರೆ ಹೊಟ್ಟೆ ಹೊರೆಯುವುದಿಲ್ಲ, ಕೊಟ್ಟೆ.

ಮಾರನೆಯ ದಿನ ಸವರ್ಣದೀರ್ಘ ಸಂಧಿ ಹೇಳುತ್ತಿದ್ದೆ. ಹುಡುಗನ ಕಣ್ಣು ಡೆಸ್ಕಿನ ಕೆಳಗೆ. ನನ್ನೊಳಗಿನ ಕತೆಗಾರ್ತಿ ಓದಲಿ ಬಿಡು ಎಂದಳು, ಟೀಚರು ಪರೀಕ್ಷೆಯಲ್ಲಿ ಸಂಧಿಗೆ ಮಾರ್ಕ್ಸ್ ಇದೆ ಎಂದಳು. ಟೀಚರೇ ಗೆದ್ದಳು, ಪುಸ್ತಕ ಕಿತ್ತುಕೊಂಡೆ. ಊಟದ ಬಿಡುವಿನಲ್ಲಿ ಅವನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮಿಸ್, ಕೊಡಿ ಮಿಸ್, ಇನ್ನು ಇಪ್ಪತ್ತೇ ಪುಟ" ಎಂದು ಬೇಡಿಕೊಂಡ. ಕೊಡುವ ಮನಸ್ಸು ನನಗೂ ಇತ್ತು. ಆದರೆ ಆಗ ಕೊಲೆಗಾರ ಯಾರೆಂದು ನನಗಿನ್ನೂ ಗೊತ್ತಾಗಿರಲಿಲ್ಲ.