ಹಾಡಿನ ಅಕ್ರಮ-ಸಕ್ರಮ

ಮೂಡಿಗೆರೆಯವರಿಗೆ ಅಕ್ರಮ-ಸಕ್ರಮ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಒತ್ತುವರಿ ಮಾಡಿದ ಸರ್ಕಾರಿ ಜಮೀನು ಸಕ್ರಮ ಮಾಡಿಕೊಡಿ ಎಂದು ಫಾರಂ 50, 53, 57ರಲ್ಲಿ ತಲೆಮಾರುಗಟ್ಟಲೆ ಅರ್ಜಿ ಬರೆದು ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದವರು ನಾವು. ಅರ್ಜಿಯೇ ಹಾಕದೆ ಸಕ್ರಮವಾದದ್ದು ಈ ಊರಿನಲ್ಲಿ ಒಂದೇ: ಸಿನಿಮಾ ಹಾಡು.

‘ಮುಂಗಾರು ಮಳೆ’ ಸುರಿದ ಮೇಲಿನ ವರ್ಷಗಳಲ್ಲಿ ಹಾಡು ಸಿಗುತ್ತಿದ್ದದ್ದು ಮೊಬೈಲ್ ಅಂಗಡಿಯಲ್ಲಿ. ಉಗುರಿನಷ್ಟು ಮೆಮೊರಿ ಕಾರ್ಡನ್ನು ಹುಡುಗ ಅಂಗಿಗೆ ಒರೆಸಿ, ರೀಡರಿಗೆ ಸಿಕ್ಕಿಸಿ, “ಹೊಸದು ಹಾಕ್ಲಾ, ರಾಜ್‌ಕುಮಾರ್ ಹಾಕ್ಲಾ?” ಎನ್ನುತ್ತಿದ್ದ. “ಎರಡೂ ಹಾಕು ಮಾರಾಯ, ತುಂಬೋವಷ್ಟು ಹಾಕು.” ಇಪ್ಪತ್ತು ರೂಪಾಯಿ. ಗೊಬ್ಬರದಂಗಡಿಯಲ್ಲಿ ಇಷ್ಟು ಧಾರಾಳವಾಗಿ ಯಾರೂ ಅಳೆದು ಕೊಟ್ಟಿದ್ದಿಲ್ಲ. ಸಂತೆ ಮುಗಿಸಿ ಕೂಲಿ ಲೈನಿಗೆ ಮರಳಿದವರು ಬ್ಲೂಟೂತಿನಲ್ಲಿ ಹಂಚಿದರೆ ಮರುದಿನ ಇಡೀ ಎಸ್ಟೇಟಿಗೆ ಅದೇ ಹಾಡು. ಬರೆದವರಿಗೆ, ಹಾಡಿದವರಿಗೆ ಬಿಡಿಗಾಸಿಲ್ಲ. ಕಳ್ಳತನವೇ; ವಾದ ಬೇಡ.

ಸರಿದಾರಿ ಇರಲಿಲ್ಲವೆ? ಇತ್ತಲ್ಲ! 2012ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ ‘ಫ್ಲೈಟ್’ ಎಂಬ ಹಾಡಿನಂಗಡಿ ತೆರೆಯಿತು. ಹಾಡಿನ ಬೆಲೆ ಆರು ರೂಪಾಯಿಯಿಂದ ಶುರು. ಆ ಆರು ರೂಪಾಯಿ ಕಟ್ಟಲು ಬ್ಯಾಂಕಿನ ಕಾರ್ಡು, ಪಾಸ್‌ವರ್ಡು. ಸಿಗ್ನಲ್ಲಿಗೆ ಗುಡ್ಡದ ನೆತ್ತಿ. ಪೈರಸಿ ಕಾಟ, ಚಿಲ್ಲರೆ ಪಾವತಿಯ ತೊಡಕು ಎಂದು 2013ರ ಜೂನಿನಲ್ಲಿ ಅದು ಬಾಗಿಲು ಹಾಕಿತು. ನಮ್ಮಲ್ಲೂ ಮಳೆ ಹಿಡಿದು ಕರೆಂಟು ಹೋಗುವ ತಿಂಗಳು ಅದೇ. ಯಾರಿಗೂ ಗೊತ್ತಾಗಲಿಲ್ಲ.

2014ರಲ್ಲಿ ಸರ್ಕಾರ ಗೂಂಡಾ ಕಾಯ್ದೆಗೆ ತಿದ್ದುಪಡಿ ತಂದು ‘ಡಿಜಿಟಲ್ ಅಪರಾಧಿ’ಯನ್ನು ಆ್ಯಸಿಡ್ ಎರಚುವವನ ಪಕ್ಕದಲ್ಲಿ ಕೂರಿಸಿತು. ಕಾರ್ಡು ತುಂಬಿಸುವ ನಮ್ಮ ಬಡಕಲು ಹುಡುಗನನ್ನು ವಿಚಾರಣೆಯಿಲ್ಲದೆ ಒಂದು ವರ್ಷ ಒಳಗಿಡಬಹುದಾದಂತಾಯಿತು. ಅದೇ ಪಟ್ಟಿಯಲ್ಲಿ ಭೂಗಳ್ಳನೂ ಇದ್ದ. ಆ ಮಾತು ನಮ್ಮ ಸೀಮೆಯಲ್ಲಿ ಜೋರಾಗಿ ಆಡುವಂಥದ್ದಲ್ಲ.

ಹುಡುಗನನ್ನು ಕೊನೆಗೆ ಮುಗಿಸಿದ್ದು ಪೊಲೀಸರಲ್ಲ, 2016ರಲ್ಲಿ ಬಂದ ಜಿಯೋ. ಈಗ ಅವನು ಸ್ಕ್ರೀನ್ ಗಾರ್ಡ್ ಅಂಟಿಸುತ್ತಾನೆ. ನಾನು ಸಭ್ಯನಾಗಿ ಆ್ಯಪಿಗೆ ತಿಂಗಳು ತಿಂಗಳು ದುಡ್ಡು ಕಟ್ಟಿ, ‘ಡೌನ್‌ಲೋಡ್’ ಒತ್ತಿ ಹಾಡು ಇಳಿಸಿಕೊಳ್ಳುತ್ತೇನೆ. ಒಂದು ತಿಂಗಳು ಕಟ್ಟಲು ಮರೆತರೆ ಇಳಿಸಿಕೊಂಡದ್ದಕ್ಕೆಲ್ಲ ಬೀಗ. ಒತ್ತುವರಿ ಕಾಫಿ ತೋಟಕ್ಕೆ ಸರ್ಕಾರ 30 ವರ್ಷದ ಗುತ್ತಿಗೆ ಕೊಡುತ್ತದೆ; ದುಡ್ಡು ಕೊಟ್ಟ ಹಾಡಿಗೆ 30 ದಿನ.

ಕದ್ದ ಹಾಡಿನ ಆ 2 ಜಿಬಿ ಕಾರ್ಡು ಮೇಜಿನ ಡ್ರಾಯರಿನಲ್ಲಿದೆ. ಟವರ್ ಬಿದ್ದ ದಿನವೂ ಹಾಡುತ್ತದೆ. ಹಾಡಿಗೂ ಒಂದು ಫಾರಂ 57 ಬಂದರೆ ದಯವಿಟ್ಟು ತಿಳಿಸಿ, ಸ್ವಾಧೀನಾನುಭವ ಸಾಬೀತುಪಡಿಸಲು ನಾನು ತಯಾರಿದ್ದೇನೆ.